ಶಾಸನಕ್ಕೆ ಬಾರದ ಅತಿಥಿಗಳು

ಕೃಷ್ಣಾನದಿಯು ಮಹಾರಾಷ್ಟ್ರದಿಂದ ಇಳಿದು ಕನ್ನಡದ ನೆಲವನ್ನು ಸೇರುವ ಎಡೆಯಲ್ಲಿ, ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳನ್ನು ಒಳಗೊಂಡು ಹರಡಿರುವ ಎರೆಯ ಸೀಮೆಯಲ್ಲಿ, ಹಳೆಯ ದೇವಾಲಯಗಳ ಮುಂದಣ ಕಲ್ಬರಹಗಳನ್ನು ಓದುತ್ತ ನಡೆದವನಿಗೆ ಒಂದು ಸಂಗತಿ ಬಹುಬೇಗ ಮನವರಿಕೆಯಾಗುತ್ತದೆ. ಚಾಲುಕ್ಯರ ಕಾಲದಲ್ಲಾಗಲಿ, ರಟ್ಟರ ಕಾಲದಲ್ಲಾಗಲಿ, ಯಾದವರ ಕಾಲದಲ್ಲಾಗಲಿ, ದೇವರಿಗೆ ಮತ್ತರುಗಳ ಲೆಕ್ಕದಲ್ಲಿ ಭೂಮಿಯನ್ನು ಬಿಟ್ಟ ದಾನಿಯು ಅಂದಿನ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಬರೆಯಿಸಿದುದಲ್ಲದೆ, ಅಂದು ಸೂರ್ಯಗ್ರಹಣವಿದ್ದಿತೋ ಸೋಮಗ್ರಹಣವಿದ್ದಿತೋ, ಉತ್ತರಾಯಣ ಸಂಕ್ರಾಂತಿಯೋ ವ್ಯತೀಪಾತವೋ ಎಂಬುದನ್ನು ಕೂಡ ಆದರದಿಂದ ನಮೂದಿಸಿದನು. ಈ ನಮೂದುಗಳು ಎಷ್ಟು ವಿಪುಲವಾಗಿವೆಯೆಂದರೆ, ಇಂದಿನ ಖಗೋಳಶಾಸ್ತ್ರಜ್ಞರು ಪ್ರಾಚೀನ ಗ್ರಹಣಗಳ ಕಾಲವನ್ನು ಪರೀಕ್ಷಿಸುವುದಕ್ಕೆ ಕನ್ನಡ ಶಾಸನಗಳನ್ನು ಒಂದು ಆಕರವೆಂದೇ ಭಾವಿಸುತ್ತಾರೆ.

ಆದರೆ ಆಕಾಶದಲ್ಲಿ ಗ್ರಹಣಗಳಲ್ಲದೆ ಬೇರೆ ಘಟನೆಗಳೂ ಉಂಟಷ್ಟೆ. ವಾರಗಟ್ಟಲೆ ಅರ್ಧಾಕಾಶವನ್ನು ವ್ಯಾಪಿಸಿ ನಿಂತ ಬಾಲದ ಚಿಕ್ಕಿಗಳು ಆ ಶತಮಾನಗಳಲ್ಲಿಯೂ ಬಂದವು. ಚಿಕ್ಕಿಗಳು ಉದುರಿದ ರಾತ್ರಿಗಳು ಆಗಲೂ ಇದ್ದವು. ಗುಡುಗಿನ ಸದ್ದಿನೊಡನೆ ಬಾನಿನಿಂದ ಕಲ್ಲು ಬಿದ್ದ ಹಗಲುಗಳೂ ಇದ್ದಿರಲೇಬೇಕು. ಇದೇ ಸೀಮೆಯ, ಮಲ್ಲಯ್ಯನ ಗುಡಿಯಿರುವ ಮಂಗಸೂಳಿಯ ಬಯಲಿನಲ್ಲಿ ಮಲಗಿದ ಕುರಿಗಾಹಿಗೆ ಅವು ಕಂಡವು, ಹೊಲದಲ್ಲಿ ಜೋಳವನ್ನು ಕಾಯುತ್ತಿದ್ದ ಒಕ್ಕಲಿಗನಿಗೂ ಕಂಡವು. ಕಲ್ಲಿಗೆ ಮಾತ್ರ ಅವು ಏರಲಿಲ್ಲ. ಗ್ರಹಣವನ್ನು ಅಷ್ಟು ಶ್ರದ್ಧೆಯಿಂದ ಕೆತ್ತಿಸಿದ ಜನ ಧೂಮಕೇತುವಿನ ಎದುರು ಏಕೆ ಸುಮ್ಮನಾದರೆಂಬುದು ನನ್ನನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. ಈ ಲೇಖನದ ಪ್ರಯತ್ನವೂ ಅದಕ್ಕೆ ಉತ್ತರವನ್ನು ಅರಸುವುದೇ ಆಗಿದೆ.

ಉತ್ತರದ ಒಂದು ಭಾಗವು ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ದೊರೆಯುತ್ತದೆ. ಆರನೆಯ ಶತಮಾನದ ಆ ಮಹಾಗ್ರಂಥದ ಹನ್ನೊಂದನೆಯ ಅಧ್ಯಾಯಕ್ಕೆ ಕೇತುಚಾರವೆಂದು ಹೆಸರು. ಗ್ರಹಗಳ ಗತಿಯನ್ನು ಗಣಿತದಿಂದ ಸಾಧಿಸಿ ತೋರಿಸಬಲ್ಲ ಆ ಆಚಾರ್ಯನು, ಕೇತುಗಳ, ಎಂದರೆ ಧೂಮಕೇತುಗಳ, ಉದಯವನ್ನಾಗಲಿ ಅಸ್ತವನ್ನಾಗಲಿ ಗಣಿತದ ವಿಧಾನದಿಂದ ತಿಳಿಯುವುದು ಶಕ್ಯವಲ್ಲವೆಂಬುದನ್ನು ಅಧ್ಯಾಯದ ಪ್ರಾರಂಭದಲ್ಲಿಯೇ ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡಿದ್ದಾನೆ. ಕೇತುಗಳು ನೂರೊಂದೆಂದು ಕೆಲವರೂ ಸಾವಿರವೆಂದು ಕೆಲವರೂ ಹೇಳುತ್ತಾರೆಂದೂ, ನಾರದನ ಮತದಲ್ಲಿ ಮಾತ್ರ ಒಂದೇ ಕೇತುವು ಬಹುರೂಪಗಳಿಂದ ತೋರುತ್ತದೆಂದೂ ಅವನು ತಿಳಿಸುತ್ತಾನೆ. ಮೂವತ್ತಮೂರನೆಯ ಅಧ್ಯಾಯದಲ್ಲಿ ಉಲ್ಕೆಗಳನ್ನು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಯಾಗಿ ವಿಂಗಡಿಸಿ, ಅಶನಿಯು ಮಹಾಧ್ವನಿಯೊಡನೆ ಮನುಷ್ಯರು, ಆನೆಕುದುರೆಗಳು, ಮನೆಮರಗಳ ಮೇಲೆ ನೆಲವನ್ನು ಸೀಳುತ್ತ ಬೀಳುತ್ತದೆಂದು ವರ್ಣಿಸುತ್ತಾನೆ. ಫಲಾಫಲಗಳ ಭಾಗವನ್ನು ಬದಿಗಿರಿಸಿ ಈ ವರ್ಣನೆಯನ್ನಷ್ಟೇ ಓದಿದರೆ, ಬಾನಿನಿಂದ ಕಲ್ಲು ಬಿದ್ದುದನ್ನು ಕಣ್ಣಾರೆ ಕಂಡವರ ಹೇಳಿಕೆಯೊಂದು ಅದರ ಹಿಂದೆ ಇದ್ದಿತೆಂದು ನಂಬದೆ ಇರುವುದು ಕಷ್ಟ. ಸುಮಾರು 1300ರ ಹೊತ್ತಿಗೆ ಕನ್ನಡದಲ್ಲಿಯೇ ರಟ್ಟಕವಿಯು ಮಳೆ, ಮಿಂಚು, ನೆಲನಡುಗುಗಳ ಶಕುನಗಳನ್ನು ರಟ್ಟಮತವೆಂಬ ಗ್ರಂಥದಲ್ಲಿ ಕೂಡಿಸಿದನು. ಅದು ತೆಲುಗಿಗೂ ಹೋಯಿತು. ರೈತನ ನಾಡಿನಲ್ಲಿ ಆಕಾಶವನ್ನು ನೋಡುವ ವಿದ್ಯೆಗೆ ಬೆಲೆ ಇಲ್ಲದೆ ಇರಲಿಲ್ಲ.

ಹಾಗಾದರೆ ಶಾಸನಗಳ ಮೌನಕ್ಕೆ ಕಾರಣವು ಅಜ್ಞಾನವಲ್ಲ. ಗ್ರಹಣವು ಮೊದಲೇ ತಿಳಿದು ಬರುವಂತಹುದು; ಜೋಯಿಸನು ದಿನವನ್ನೂ ಘಳಿಗೆಯನ್ನೂ ಹೇಳುವನು; ದಾನಿಯು ತೀರ್ಥಕ್ಕೆ ಹೋಗಿ ಮಿಂದು, ಧಾರೆ ಎರೆಯುವ ನೀರನ್ನೂ ಪಡೆಯುವ ಬ್ರಾಹ್ಮಣನನ್ನೂ ಅಣಿಮಾಡಿಕೊಂಡು ಕಾಯಬಹುದು. ಅದು ಪುಣ್ಯಕಾಲ. ಧೂಮಕೇತುವಾದರೋ ಹೇಳದೆ ಬರುವುದು, ಹೇಳದೆ ಹೋಗುವುದು. ಪಂಚಾಂಗದಲ್ಲಿ ಅದಕ್ಕೆ ಸ್ಥಾನವಿಲ್ಲ. ಅದು ಉತ್ಪಾತ. ಉತ್ಪಾತವನ್ನು ಶಾಂತಿಮಾಡಿ ಕಳೆಯಬೇಕೇ ಹೊರತು, ಚಂದ್ರಾರ್ಕಸ್ಥಾಯಿಯಾಗಿ ಉಳಿಯಬೇಕಾದ ಕಲ್ಲಿನಲ್ಲಿ ಅದರ ಹೆಸರನ್ನು ಬರೆದು ಊರ ನಡುವೆ ನಿಲ್ಲಿಸುವುದು ಯಾರಿಗೂ ಬೇಡವಾಗಿದ್ದಿತೆಂದು ನಾನು ತಿಳಿಯುತ್ತೇನೆ. ಗಣಿತಕ್ಕೆ ಸಿಕ್ಕಿದುದು ಶಾಸನಕ್ಕೆ ಬಂದಿತು, ಗಣಿತಕ್ಕೆ ಸಿಕ್ಕದುದು ಹೊರಗುಳಿಯಿತು.

ಈ ಮೌನವನ್ನು ಮುರಿದ ಒಂದು ದಾಖಲೆಯು ಇತ್ತೀಚೆಗೆ ಬೆಳಕಿಗೆ ಬಂದಿದೆ. ಶ್ರೀಶೈಲದ ಮಲ್ಲಿಕಾರ್ಜುನ ದೇವಾಲಯದಲ್ಲಿ ದೊರೆತ ತಾಮ್ರಪಟಗಳ ರಾಶಿಯನ್ನು ಮೈಸೂರಿನಲ್ಲಿ ನೆಲೆಸಿರುವ ಪುರಾತತ್ತ್ವ ಸರ್ವೇಕ್ಷಣದ ಶಾಸನಶಾಖೆಯ ವಿದ್ವಾಂಸರು ಓದುತ್ತಿದ್ದಾಗ, ನಾಗರೀಲಿಪಿಯ ಒಂದು ಸಂಸ್ಕೃತ ಶಾಸನದಲ್ಲಿ ಧೂಮಕೇತುವಿನ ಹೆಸರೇ ಕಾಣಿಸಿತು. ವಿಜಯನಗರದ ಅರಸನಾದ ಮಲ್ಲಿಕಾರ್ಜುನರಾಯನು ಶಕ 1378ನೆಯ ಧಾತು ಸಂವತ್ಸರದ ಆಷಾಢ ಬಹುಳ ಏಕಾದಶಿಯಂದು, ಎಂದರೆ 1456ನೆಯ ಜೂನ್ 28ರಂದು, ಧೂಮಕೇತುವಿನಿಂದಲೂ ಅದರೊಡನೆ ತೋರಿದ ಉಲ್ಕಾಪಾತದಿಂದಲೂ ಒದಗಬಹುದಾದ ಮಹೋತ್ಪಾತದ ಶಾಂತ್ಯರ್ಥವಾಗಿ, ಕಡಿಯಲಪುರದ ಒಬ್ಬ ವೈದಿಕ ವಿದ್ವಾಂಸನಿಗೆ ಸಿಂಹಪುರವೆಂಬ ಗ್ರಾಮವನ್ನು ದೇವರಾಯಪುರವೆಂಬ ಹೆಸರಿನಿಂದ ಅಗ್ರಹಾರವಾಗಿ ಕೊಟ್ಟನೆಂಬುದು ಅದರ ಸಾರ. ಈ ತಿಥಿಯನ್ನು ಆಧುನಿಕ ಗಣನೆಯೊಡನೆ ಹೋಲಿಸಿದರೆ ಸಂಶಯಕ್ಕೆ ಎಡೆಯೇ ಇರುವುದಿಲ್ಲ. ಇಂದು ಹ್ಯಾಲಿಯ ಹೆಸರಿನಿಂದ ಪ್ರಸಿದ್ಧವಾದ ಧೂಮಕೇತುವು 1456ನೆಯ ಜೂನ್ 9ರಂದು ಸೂರ್ಯನಿಗೆ ಅತ್ಯಂತ ಸಮೀಪವಾಗಿ ಹಾದುಹೋಗಿತ್ತು. ದಾನಶಾಸನವು ಹುಟ್ಟಿದುದು ಅದಾದ ಹತ್ತೊಂಬತ್ತನೆಯ ದಿನ. ಅದೇ ಬೇಸಗೆಯಲ್ಲಿ ಬೆಲ್‌ಗ್ರೇಡಿನ ಕೋಟೆಯನ್ನು ತುರುಕರ ಸೇನೆಯು ಮುತ್ತುತ್ತಿದ್ದಾಗ ಯೂರೋಪಿನ ಜನರೂ ಇದೇ ಬಾಲವನ್ನು ನೋಡಿ ನಡುಗಿದರು. ಪ್ರಪಂಚದ ಎರಡು ಅಂಚುಗಳಲ್ಲಿ ಭಯವು ಒಂದೇ ಆಗಿದ್ದಿತು. ವಿಜಯನಗರದಲ್ಲಿ ಅದರಿಂದ ಒಂದು ಅಗ್ರಹಾರ ಹುಟ್ಟಿತು.

ಮಂಗಸೂಳಿಯ ಸೀಮೆಗೂ ಈ ತಾಮ್ರಪಟಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಶ್ರೀಶೈಲದ ಮಲ್ಲಯ್ಯನು ಅಥಣಿ ಚಿಕ್ಕೋಡಿಗಳ ಜನಕ್ಕೆ ದೂರದ ದೇವರಲ್ಲ. ಯುಗಾದಿ ಹತ್ತಿರವಾದೊಡನೆ ಕಂಬಿಯನ್ನು ಹೊತ್ತು, ಬಿಸಿಲನ್ನು ಲೆಕ್ಕಿಸದೆ, ಕೃಷ್ಣೆಯ ಸೀಮೆಯಿಂದ ಶ್ರೀಶೈಲದ ಕಾಡಿನವರೆಗೆ ಕಾಲುನಡಿಗೆಯಲ್ಲಿ ಹೋಗುವ ಪದ್ಧತಿ ಇಂದಿಗೂ ನಿಂತಿಲ್ಲ. ಮಂಗಸೂಳಿಯಲ್ಲಿ ಖಂಡೋಬಾ ಎಂದು ಮರಾಠಿಗರೂ ಮಲ್ಲಯ್ಯನೆಂದು ಕನ್ನಡಿಗರೂ ಭಂಡಾರವನ್ನು ಎರಚಿ ಕೂಗುವ ಆ ದೈವಕ್ಕೂ ಶ್ರೀಶೈಲದ ಒಡೆಯನಿಗೂ ಭಕ್ತರ ಮನಸ್ಸಿನಲ್ಲಿ ಭೇದವಿರುವುದಿಲ್ಲ. ತಲೆತಲಾಂತರದಿಂದ ಇಲ್ಲಿಯ ಪಾದಚಾರಿಗಳು ಹೋಗಿ ಕೈಮುಗಿದು ಬಂದ ಆ ಗುಡಿಯ ಆಶ್ರಯದಲ್ಲಿಯೇ ಹ್ಯಾಲಿಯ ಧೂಮಕೇತುವಿನ ದಾಖಲೆಯು ಯಾರ ಕಣ್ಣಿಗೂ ಬೀಳದೆ ಉಳಿದುಬಂದಿತು.

ಮುಂದಿನ ದಾಖಲೆ ಪರದೇಶದವರ ಕೈಯದು. 1618ನೆಯ ನವೆಂಬರಿನಲ್ಲಿ ಒಂದರ ಬೆನ್ನಿಗೆ ಒಂದಾಗಿ ಧೂಮಕೇತುಗಳು ತೋರಿದಾಗ ವಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಹನು ಆಳುತ್ತಿದ್ದನು. ಉತ್ತರದಲ್ಲಿ ಜಹಾಂಗೀರನು ಅವುಗಳನ್ನು ಕುರಿತು ತನ್ನ ಆತ್ಮಕಥೆಯಲ್ಲಿ ಬರೆದನು. ಚೀನಾದೇಶಕ್ಕೆ ಹೊರಟು ಗೋವೆಯಲ್ಲಿ ಇಳಿದಿದ್ದ ಬೊಹೀಮಿಯಾದ ಜೆಸ್ವಿಟ್ ಪಾದ್ರಿ ಕಿರ್ವಿಟ್ಸರನು ಅವುಗಳನ್ನು ದೂರದರ್ಶಕದಿಂದ ನೋಡಿ, ತನ್ನ ವೀಕ್ಷಣೆಗಳನ್ನು 1620ರಲ್ಲಿ ಜರ್ಮನಿಯಲ್ಲಿ ಮುದ್ರಿಸಿದನು. ಭಾರತದ ನೆಲದಿಂದ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದ ಮೊದಲ ಸಂದರ್ಭವೇ ಇದೆಂದು ಸಂಶೋಧಕರು ಎಣಿಸುತ್ತಾರೆ. ಗೆಲಿಲಿಯೋ ಆ ಸಲಕರಣೆಯನ್ನು ಬಾನಿಗೆ ಹಿಡಿದು ಆಗ ಒಂಬತ್ತೇ ವರ್ಷಗಳಾಗಿದ್ದುವು. ಗೋವೆಯಿಂದ ವಿಜಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ ಅಥಣಿಯು ಆಗ ದೊಡ್ಡ ಪೇಟೆಯಾಗಿದ್ದಿತು. 1639ರಲ್ಲಿ ಜರ್ಮನ್ ಪ್ರವಾಸಿ ಮ್ಯಾಂಡೆಲ್‌ಸ್ಲೋ ಅದನ್ನು ಹೆಸರಿಸಿದ್ದಾನೆ. ಮೆಣಸು ಬಟ್ಟೆಗಳ ಹೇರುಗಳು ಆ ದಾರಿಯಲ್ಲಿ ಮೇಲೆ ಕೆಳಗೆ ಓಡಾಡುತ್ತಿದ್ದುವು, ಆದರೆ ದೂರದರ್ಶಕವು ಘಟ್ಟವನ್ನು ಹತ್ತಲಿಲ್ಲ. ಅದು ಹತ್ತಿದ್ದರೆ ನಮ್ಮ ಚರಿತ್ರೆಯಲ್ಲಿ ಒಂದು ಪುಟ ಬೇರೆಯಾಗಿರುತ್ತಿತ್ತೆಂದು ನನಗೆ ಆಗಾಗ ಅನಿಸುತ್ತದೆ.

ವರಾಹಮಿಹಿರನು ಶಕ್ಯವಲ್ಲವೆಂದು ಬಿಟ್ಟುದನ್ನು ಎಡ್ಮಂಡ್ ಹ್ಯಾಲಿಯು ಶಕ್ಯವಾಗಿಸಿದನು. 1531, 1607, 1682ರ ಧೂಮಕೇತುಗಳು ಬೇರೆಬೇರೆಯಲ್ಲ, ಒಂದೇ ಎಂದು ನ್ಯೂಟನ್ನನ ಸೂತ್ರಗಳಿಂದ ಸಾಧಿಸಿ, ಅದು 1758ರ ಸುಮಾರಿಗೆ ಮರಳುವುದೆಂದು ಅವನು ಹೇಳಿದನು; ಆ ವರ್ಷದ ಡಿಸೆಂಬರಿನಲ್ಲಿ ಅದು ಬಂದಿತು, ಆಗ ಹ್ಯಾಲಿಯು ಬದುಕಿರಲಿಲ್ಲ. ಒಂದೇ ಕೇತುವು ಬಹುರೂಪಗಳಿಂದ ತೋರುತ್ತದೆಂಬ ನಾರದನ ಮತವು ಪೂರ್ಣಸತ್ಯವಲ್ಲದಿದ್ದರೂ, ನೂರು ಸಾವಿರಗಳೆಂದು ಎಣಿಸಿದವರ ನಡುವೆ ಅದು ವಿಚಾರಕ್ಕೆ ಯೋಗ್ಯವಾದ ಮತವಾಗಿದ್ದಿತೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಬಾಲದ ಚಿಕ್ಕಿಗೆ ಲೆಕ್ಕ ಸಿಕ್ಕಿತು. ಬೀಳುವ ಕಲ್ಲಿಗೆ ನಂಬಿಕೆ ಸಿಕ್ಕುವುದು ತಡವಾಯಿತು. ಬಾನಿನಿಂದ ಕಲ್ಲು ಬೀಳುತ್ತದೆಂಬ ರೈತರ ಮಾತನ್ನು ಯೂರೋಪಿನ ಪಂಡಿತರು ಹದಿನೆಂಟನೆಯ ಶತಮಾನದ ಕೊನೆಯವರೆಗೂ ಮೌಢ್ಯವೆಂದು ತಳ್ಳಿಹಾಕುತ್ತಿದ್ದರು. 1794ರಲ್ಲಿ ಜರ್ಮನಿಯ ಕ್ಲಾಡ್ನಿಯು ಅವು ಭೂಮಿಯ ಹೊರಗಿನಿಂದ ಬರುತ್ತವೆಂದು ವಾದಿಸಿದನು. 1798ನೆಯ ಡಿಸೆಂಬರ್ 19ರಂದು ಕಾಶಿಯ ಬಳಿ ಬಿದ್ದ ಕಲ್ಲುಗಳನ್ನು ಬೇರೆ ದೇಶಗಳ ಕಲ್ಲುಗಳೊಡನೆ ಲಂಡನ್ನಿನ ಹೊವಾರ್ಡನು ಪರೀಕ್ಷಿಸಿ, ಅವೆಲ್ಲವುಗಳ ಕಬ್ಬಿಣದ ಕಣಗಳಲ್ಲಿ ನಿಕ್ಕಲ್ ಇರುವುದನ್ನು 1802ರಲ್ಲಿ ತೋರಿಸಿದನು. ಮರುವರ್ಷ ಫ್ರಾನ್ಸಿನ ಲೇಗಲ್ ಎಂಬ ಊರಿನ ಸುತ್ತ ಸಾವಿರಾರು ಕಲ್ಲುಗಳು ಒಟ್ಟಿಗೆ ಬಿದ್ದುದರಿಂದ ವಾದವೇ ಮುಗಿಯಿತು. ಈ ನಿರ್ಣಯದಲ್ಲಿ ಕಾಶಿಯ ಕಲ್ಲಿಗೂ ಪಾಲಿದೆಯೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು.

ಅದಾದ ಬಳಿಕ ಕಂಪೆನಿಯ ಸರಕಾರದ ಅಧಿಕಾರಿಗಳು ಇಂತಹ ಸುದ್ದಿಗಳನ್ನು ವಿಚಾರಿಸಿ ಬರೆದಿಡುವ ಅಭ್ಯಾಸವನ್ನು ಹಿಡಿದರು. ಮುಂಬಯಿ ಕರ್ನಾಟಕದ ಪಾಲಿಗೆ ಆ ಚರಿತ್ರೆ ತೊಡಗುವುದು ನೆಗಳೂರಿನಿಂದ. ಇಂದು ಹಾವೇರಿ ಜಿಲ್ಲೆಗೆ ಸೇರಿದ ಆ ಗ್ರಾಮವು ಗುತ್ತಲದ ಹತ್ತಿರ, ವರದೆಯು ತುಂಗಭದ್ರೆಯನ್ನು ಕೂಡುವ ಸಂಗಮದಿಂದ ಕೆಲವೇ ಮೈಲಿಗಳ ದೂರದಲ್ಲಿದೆ. ಸಂಗಮದ ದಂಡೆಯಲ್ಲಿರುವ ಗಳಗನಾಥವನ್ನು ಕಾದಂಬರಿಕಾರ ಗಳಗನಾಥರ ಹೆಸರಿನಿಂದ ಕನ್ನಡಿಗರೆಲ್ಲರೂ ಬಲ್ಲರು. 1848ನೆಯ ಫೆಬ್ರವರಿ 15, ಮಂಗಳವಾರದಂದು, ಆ ನೆಗಳೂರಿನಲ್ಲಿ ಆಕಾಶದಿಂದ ಒಂದು ಕಲ್ಲು ಬಿದ್ದಿತು. ಅದರಲ್ಲಿ ಉಳಿದುಬಂದುದರ ತೂಕ ಸುಮಾರು 1.8 ಕಿಲೋಗ್ರಾಮ್. ಆಗ ಆ ಊರು ಧಾರವಾಡದ ಕಲೆಕ್ಟರನ ಆಡಳಿತಕ್ಕೆ ಸೇರಿದ್ದುದರಿಂದ ಪ್ರಪಂಚದ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಅದು ಇಂದಿಗೂ ಧಾರವಾಡವೆಂಬ ಹೆಸರಿನಿಂದಲೇ ನಿಂತಿದೆ. ಒಂದು ಹೊಲಕ್ಕೆ ಬಿದ್ದ ಕಲ್ಲು ಒಂದು ಜಿಲ್ಲೆಯ ಹೆಸರನ್ನು ಹೊತ್ತು ಪರದೇಶದ ಗ್ರಂಥಗಳಿಗೆ ಹೋಯಿತು; ನೆಗಳೂರು ಎಂಬ ಹೆಸರು ಅಡಿಟಿಪ್ಪಣಿಯಲ್ಲಿ ಉಳಿಯಿತು. ಆ ಊರಿನ ಪ್ರವೇಶದಲ್ಲಿ ಒಂದು ಫಲಕವನ್ನಾದರೂ ನಿಲ್ಲಿಸುವುದು ನಮ್ಮವರ ಕರ್ತವ್ಯವೆಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ.

ಇಂತಹ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದವನು ಅದನ್ನು ಮರೆಯಲಾರ. ಹೊರಮೈಯೆಲ್ಲ ಕಪ್ಪಾದ ತೆಳುವಾದ ಪೊರೆ. ದಪ್ಪ ಒಂದು ಮಿಲಿಮೀಟರಿನ ಆಚೀಚೆ, ಕೆಲವೆಡೆ ಅದಕ್ಕೂ ಕಡಮೆ. ಗಾಳಿಯನ್ನು ಸೀಳಿಕೊಂಡು ಬರುವಾಗ ಮೇಲುಮೈ ಕರಗಿ, ಕೆಳಗೆ ನಿಧಾನವಾದೊಡನೆ ಗಟ್ಟಿಯಾದುದರ ಗುರುತು ಅದು. ಬೆರಳ ತುದಿಯಿಂದ ಒತ್ತಿದಂತಹ ಕುಳಿಗಳು ಅಲ್ಲಲ್ಲಿ ಇರುತ್ತವೆ. ಒಡೆದ ಬದಿಯಲ್ಲಿ ಒಳಗಿನ ಬೂದುಬಣ್ಣವು ತೋರಿ, ಅದರಲ್ಲಿ ನವಣೆಯಕ್ಕಿಯಷ್ಟು ಸಣ್ಣ ದುಂಡುಕಾಳುಗಳೂ, ಬಿಸಿಲಿಗೆ ಹಿಡಿದರೆ ಮಿನುಗುವ ಲೋಹದ ಕಣಗಳೂ ಕಾಣುತ್ತವೆ. ಆ ದುಂಡುಕಾಳುಗಳು ಸೂರ್ಯಮಂಡಲವು ರೂಪುಗೊಳ್ಳುತ್ತಿದ್ದಾಗ, ಸುಮಾರು 456 ಕೋಟಿ ವರ್ಷಗಳ ಹಿಂದೆ, ಕರಗಿದ ಹನಿಗಳಾಗಿ ಹುಟ್ಟಿ ಹೆಪ್ಪುಗಟ್ಟಿದವು. ಭೂಮಿಯ ಯಾವ ಬೆಟ್ಟದ ಕಲ್ಲೂ ಅಷ್ಟು ಹಳೆಯದಲ್ಲ. ಇಂತಹ ಕಲ್ಲುಗಳಲ್ಲಿ ಬಹುಪಾಲು, ಕುಜ ಮತ್ತು ಗುರುಗ್ರಹಗಳ ನಡುವೆ ಸುತ್ತುತ್ತಿರುವ ಕ್ಷುದ್ರಗ್ರಹಗಳು ಒಂದಕ್ಕೊಂದು ತಾಗಿ ಒಡೆದುದರ ಚೂರುಗಳು. ಆ ಕ್ಷುದ್ರಗ್ರಹಗಳಲ್ಲಿ ಮೊದಲನೆಯದನ್ನು 1801ನೆಯ ಜನವರಿ 1ರಂದು ಸಿಸಿಲಿಯ ಪಿಯಾಜ್ಜಿಯು ಕಂಡನು.

ನೆಗಳೂರಿನ ಅನಂತರ ಕನ್ನಡನಾಡಿಗೆ ಬಂದ ಕಲ್ಲುಗಳ ಸಾಲು ಅಲ್ಪಕಾಲದಲ್ಲಿಯೇ ಬೆಳೆಯಿತು. 1865ನೆಯ ಸೆಪ್ಟೆಂಬರ್ 21ರಂದು ಮೈಸೂರು ಸೀಮೆಯ ಮದ್ದೂರಿನಲ್ಲಿ, 1866ನೆಯ ಏಪ್ರಿಲಿನಲ್ಲಿ ಉಡುಪಿಯ ಬಳಿಯಲ್ಲಿ, 1876ನೆಯ ಫೆಬ್ರವರಿ 16ರಂದು ತುಮಕೂರು ಸೀಮೆಯ, ಉಲ್ಕಾಶಿಲೆಗಳ ಪಟ್ಟಿಗಳು ಜೂಡೆಸೆಗೆರಿ ಎಂದು ಬರೆಯುವ ಊರಿನಲ್ಲಿ, ಹೀಗೆ ಅವು ಬಿದ್ದವು. ಕೃಷ್ಣೆಯ ತವರುಸೀಮೆಯಾದ ಸಾತಾರಾ ಜಿಲ್ಲೆಯ ಕಳಂಬಿಯಲ್ಲಿ 1879ನೆಯ ನವೆಂಬರ್ 4ರಂದು ಬಿದ್ದುದು ಮಂಗಸೂಳಿಗೆ ಇವೆಲ್ಲಕ್ಕಿಂತ ಹತ್ತಿರದ್ದು. ಅದರ ತೂಕ ಸುಮಾರು ನಾಲ್ಕೂವರೆ ಕಿಲೋಗ್ರಾಮ್. ಹತ್ತೊಂಬತ್ತನೆಯ ಶತಮಾನದಲ್ಲಿ ಆಕಾಶವು ನಮ್ಮ ಮೇಲೆ ವಿಶೇಷವಾಗಿ ಕಲ್ಲೆಸೆಯಿತೆಂದು ಇದರಿಂದ ತಿಳಿಯಕೂಡದು. ಅದಕ್ಕೆ ಹಿಂದೆಯೂ ಅಷ್ಟೇ ಬಿದ್ದಿರಬೇಕು. ಬರೆದುಕೊಳ್ಳುವವರು ಆಗ ಇದ್ದರು, ಅಷ್ಟೇ ವ್ಯತ್ಯಾಸ. ಮೂರು ರಾಜ್ಯಗಳು ಕೂಡುವ ಹೊಸೂರಿನ ಆಚೆಯ ಸೂಳಗಿರಿಯಲ್ಲಿ 2008ನೆಯ ಸೆಪ್ಟೆಂಬರ್ 12ರಂದು ನೂರು ಕಿಲೋಗ್ರಾಮಿಗೂ ಮೀರಿದ ಕಲ್ಲು ಬಿದ್ದುದನ್ನು ನೆನೆದರೆ ಈ ಸಾಲು ಮುಗಿದಿಲ್ಲವೆಂಬುದೂ ತಿಳಿಯುತ್ತದೆ.

ಧೂಮಕೇತುವಿಗೂ ಉದುರುವ ಚಿಕ್ಕಿಗಳಿಗೂ ಇರುವ ರಕ್ತಸಂಬಂಧವು ಗೊತ್ತಾದುದೂ ಅದೇ ಕಾಲದಲ್ಲಿ. ಅದರಲ್ಲಿ ದಕ್ಷಿಣಭಾರತಕ್ಕೆ ಒಂದು ಪಾತ್ರ ಒದಗಿಬಂದಿತು. ಬೀಲಾ ಎಂಬ ಧೂಮಕೇತುವು 1846ರಲ್ಲಿ ನೋಡುನೋಡುತ್ತಿರುವಂತೆಯೇ ಎರಡಾಗಿ ಒಡೆಯಿತು. 1852ರಲ್ಲಿ ಎರಡು ತುಂಡುಗಳೂ ಮರಳಿ ಬಂದವು. ಆಮೇಲೆ ಎಂದೂ ಕಾಣಲಿಲ್ಲ. ಅದು ಮರಳಬೇಕಾಗಿದ್ದ 1872ರಲ್ಲಿ, ನವೆಂಬರ್ 27ರ ರಾತ್ರಿ, ಅದರ ಪಥವನ್ನು ಭೂಮಿಯು ದಾಟುವ ಎಡೆಯಲ್ಲಿ ಯೂರೋಪಿನ ಬಾನಿನಿಂದ ಸಾವಿರಾರು ಉಲ್ಕೆಗಳು ಮಳೆಯಾಗಿ ಸುರಿದವು. ಗಟ್ಟಿಂಗೆನ್ನಿನ ಜ್ಯೋತಿರ್ವಿದ ಕ್ಲಿಂಕರ್‌ಫ್ಯೂಸನು, ಧೂಮಕೇತುವು ಭೂಮಿಯನ್ನು ತಾಕಿ ದಕ್ಷಿಣಾಕಾಶಕ್ಕೆ ಸಾಗಿದೆಯೆಂದೂ ಕಿನ್ನರ ನಕ್ಷತ್ರಪುಂಜದ ಒಂದು ತಾರೆಯ ಬಳಿ ಹುಡುಕಬೇಕೆಂದೂ ಮದ್ರಾಸಿನ ವೇಧಶಾಲೆಯ ಪಾಗ್ಸನ್ನನಿಗೆ ತಂತಿ ಕಳುಹಿದನು. 1861ರಲ್ಲಿ ಏಷ್ಯಾ ಎಂಬ ಕ್ಷುದ್ರಗ್ರಹವನ್ನು ಆ ವೇಧಶಾಲೆಯಿಂದಲೇ ಕಂಡುಹಿಡಿದಿದ್ದ ಪಾಗ್ಸನ್ನನು, ಡಿಸೆಂಬರಿನ ಮೊದಲ ದಿನಗಳಲ್ಲಿ ಮುಂಜಾವದ ಮೋಡಗಳ ಸಂದಿಯಿಂದ ಅಲ್ಲಿ ನಿಜವಾಗಿಯೂ ಒಂದು ಧೂಮಕೇತುವನ್ನು ಕಂಡನು. ಅದು ಬೀಲಾ ಅಲ್ಲವೆಂದು ಆಮೇಲಿನ ಗಣನೆಗಳು ಹೇಳಿದವು. ಉಲ್ಕಾವೃಷ್ಟಿಯು ಮಾತ್ರ ಒಡೆದ ಧೂಮಕೇತುವಿನ ಧೂಳೇ ಎಂಬುದು ಸ್ಥಿರವಾಯಿತು. ಹಿಮ ಮತ್ತು ಧೂಳುಗಳ ಮುದ್ದೆಯಾದ ಧೂಮಕೇತುವು ಸೂರ್ಯನನ್ನು ಸುತ್ತುವಾಗಲೆಲ್ಲ ಕಣಗಳನ್ನು ದಾರಿಯಲ್ಲಿ ಬಿಟ್ಟುಹೋಗುತ್ತದೆ. ಆ ದಾರಿಯನ್ನು ಭೂಮಿಯು ಹಾದಾಗ ಕಣಗಳು ನೂರು ಕಿಲೋಮೀಟರಿನ ಸುಮಾರಿನ ಎತ್ತರದಲ್ಲಿ ಉರಿಯುತ್ತವೆ. ನೆಲಕ್ಕೆ ಅವು ಬರುವುದಿಲ್ಲ. ಬರುವವು ಬಹುಮಟ್ಟಿಗೆ ಕ್ಷುದ್ರಗ್ರಹದ ಚೂರುಗಳು.

ಇನ್ನು ಉತ್ಪಾತದ ಮಾತು. ಧೂಮಕೇತುವು ಬರ, ರೋಗ, ರಾಜಮರಣಗಳನ್ನು ತರುತ್ತದೆಂಬ ನಂಬಿಕೆಯು ನಮ್ಮ ಸೀಮೆಯಲ್ಲಿ ಇತ್ತೀಚಿನವರೆಗೂ ದೃಢವಾಗಿದ್ದಿತು. 1910ರಲ್ಲಿ ಹ್ಯಾಲಿಯ ಧೂಮಕೇತು ತೋರುತ್ತಿರುವಾಗಲೇ, ಮೇ 6ರಂದು ಏಳನೆಯ ಎಡ್ವರ್ಡ್ ಚಕ್ರವರ್ತಿ ತೀರಿಕೊಂಡುದು ಅದಕ್ಕೆ ಪುಷ್ಟಿಯನ್ನು ಕೊಟ್ಟಿತು. ಚರಿತ್ರೆಯನ್ನು ಕ್ರಮವಾಗಿ ಓದಿದವನಿಗೆ ಆ ನಂಬಿಕೆಯು ನಿಲ್ಲುವುದಿಲ್ಲ. 1876-77ರ ಘೋರಕ್ಷಾಮವು ಬೆಳಗಾವಿ, ಕಲಾದಗಿ, ಧಾರವಾಡ ಜಿಲ್ಲೆಗಳ ಬೆನ್ನೆಲುಬನ್ನೇ ಮುರಿಯಿತು. ಹಗಲಿನಲ್ಲಿ ಸೂರ್ಯನ ಬಳಿಯಲ್ಲಿಯೇ ಕಾಣಿಸುವಷ್ಟು ಉಜ್ಜ್ವಲವಾದ ಮಹಾಧೂಮಕೇತುವು ಬಂದುದು ಅದಾದ ಐದಾರು ವರ್ಷಗಳ ಮೇಲೆ, 1882ರ ಸೆಪ್ಟೆಂಬರಿನಲ್ಲಿ. 1896ರಲ್ಲಿ ಮುಂಬಯಿಗೆ ಇಳಿದು ಮುಂದೆ ನಮ್ಮ ಜಿಲ್ಲೆಗಳನ್ನು ಹೊಕ್ಕ ಪ್ಲೇಗು, ಜನರು ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕುವಂತೆ ಮಾಡಿದ ಆ ಮಹಾಮಾರಿ, ಯಾವ ಬಾಲದ ಚಿಕ್ಕಿಯ ಸೂಚನೆಯೂ ಇಲ್ಲದೆ ಬಂದಿತು. ಅದನ್ನು ತಂದುದು ಹಡಗಿನ ಇಲಿ. ನೋವುಂಡ ಜನರು ಕಾರಣವನ್ನು ಹುಡುಕುವುದು ಸಹಜ. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ನಿಜವಾದ ಕಾರಣವು ಕಣಜದಲ್ಲಿಯೋ ಕೊಳಚೆಯಲ್ಲಿಯೋ ಇರುವಾಗ ಆಕಾಶದ ಕಡೆಗೆ ಬೆರಳು ತೋರಿದುದರಿಂದ ಅವರಿಗೇ ಹಾನಿಯಾಯಿತು.

ಉತ್ಪಾತವೆಂಬ ಮಾತಿಗೆ ಅರ್ಥವಿದ್ದರೆ ಅದು ಮನುಷ್ಯನಿಗಿಂತ ಬಹು ಹಿಂದಿನ ಕಾಲಕ್ಕೆ ಸೇರಿದುದು, ಮತ್ತು ಅದರ ನೆರೆಯ ಸಾಕ್ಷಿಯು ಮಂಗಸೂಳಿಯವರ ಕಾಲಕೆಳಗೇ ಇದೆ. ಗೋಕಾಕದ ಬಳಿ ಘಟಪ್ರಭೆಯು ಧುಮುಕುವ ಕಲ್ಲು ಕಲಾದಗಿಯ ಮರಳುಗಲ್ಲು. ಅಲ್ಲಿಂದ ಬಡಗಣಕ್ಕೆ ಬಂದು ಚಿಕ್ಕೋಡಿ ಅಥಣಿಗಳ ಬಾವಿಯೊಂದರಲ್ಲಿ ಇಣಿಕಿ ನೋಡಿದರೆ, ಮೇಲೆ ಬಿರುಕುಬಿಟ್ಟ ಎರೆಮಣ್ಣು, ಅದರ ಕೆಳಗೆ ಶಿಥಿಲವಾದ ಗರಸು, ಅದರ ಕೆಳಗೆ ಸುತ್ತಿಗೆಗೆ ಗಣಗಣಿಸುವ ಕಪ್ಪು ಬಸಾಲ್ಟು, ಕೆಲವು ಸ್ತರಗಳಲ್ಲಿ ಅನಿಲದ ಗುಳ್ಳೆಗಳಿದ್ದ ರಂಧ್ರಗಳು, ರಂಧ್ರಗಳನ್ನು ತುಂಬಿದ ಬಿಳಿಯ ಹರಳುಗಳು ಕಾಣುತ್ತವೆ. ದಖ್ಖನ್ನಿನ ಈ ಕರಿಗಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಗರ್ಭದಿಂದ ಹೊಳೆಹೊಳೆಯಾಗಿ ಹರಿದುಬಂದ ಲಾವಾ. ಅದು ಹರಿಯುತ್ತಿದ್ದ ಕಾಲದಲ್ಲಿಯೇ ಸುಮಾರು ಹತ್ತು ಕಿಲೋಮೀಟರ್ ಅಡ್ಡಗಲದ ಕ್ಷುದ್ರಗ್ರಹವೊಂದು ಇಂದಿನ ಮೆಕ್ಸಿಕೋದ ಯುಕಟಾನ್ ತೀರಕ್ಕೆ ಬಡಿದು, ಸುಮಾರು 180 ಕಿಲೋಮೀಟರ್ ಅಗಲದ ಕುಳಿಯನ್ನು ತೋಡಿತು. ಡೈನೊಸಾರುಗಳ ಕುಲ, ಇಂದು ಹಕ್ಕಿಗಳಾಗಿ ಉಳಿದ ಕವಲನ್ನು ಬಿಟ್ಟು, ಆಗ ನಿರ್ಮೂಲವಾಯಿತು. ಆ ಹೊಡೆತವನ್ನು 1980ರಲ್ಲಿ ಅಲ್ವಾರೆಜ್ ತಂದೆಮಕ್ಕಳೂ ಅವರ ಸಂಗಡಿಗರೂ ಮಣ್ಣಿನ ಪದರದಲ್ಲಿ ಸಿಕ್ಕ ಇರಿಡಿಯಂ ಧಾತುವಿನಿಂದ ಊಹಿಸಿದರು. ನಾಶಕ್ಕೆ ಬಾನಿನ ಕಲ್ಲು ಎಷ್ಟು ಕಾರಣ, ದಖ್ಖನ್ನಿನ ಬೆಂಕಿ ಎಷ್ಟು ಕಾರಣ ಎಂಬ ಚರ್ಚೆಯು ಇಂದಿಗೂ ಭೂವಿಜ್ಞಾನಿಗಳಲ್ಲಿ ನಡೆದಿದೆ. ಕಬ್ಬನ್ನೂ ಜೋಳವನ್ನೂ ಬೆಳೆಯುವ ನಮ್ಮ ಎರೆಭೂಮಿಯು ಜಗತ್ತಿನ ಇಷ್ಟು ದೊಡ್ಡ ವಾದದಲ್ಲಿ ಒಂದು ಪಕ್ಷವಾಗಿ ನಿಂತಿದೆಯೆಂಬುದನ್ನು ಈ ಸೀಮೆಯ ಪ್ರತಿಯೊಂದು ಶಾಲೆಯ ಮಗುವಿಗೂ ಹೇಳಿಕೊಡಬೇಕೆಂದು ನನ್ನ ಆಸೆ.

ಅದೇ ಕರಿಗಲ್ಲಿಗೆ ಬಹಳ ಈಚೆಗೆ ಇನ್ನೊಂದು ಏಟು ಬಿದ್ದಿತು. ಬುಲಢಾಣಾ ಜಿಲ್ಲೆಯ ಲೋಣಾರದಲ್ಲಿ 1.8 ಕಿಲೋಮೀಟರ್ ಅಗಲದ ದುಂಡು ಕುಳಿಯೂ ಅದರ ತಳದಲ್ಲಿ ಉಪ್ಪುನೀರಿನ ಸರೋವರವೂ ಇವೆ. ಲೋಣಾಸುರನನ್ನು ವಿಷ್ಣುವು ಕೊಂದ ಸ್ಥಳವೆಂದು ಪುರಾಣವು ಹೇಳುತ್ತದೆ. ಕ್ಷುದ್ರಗ್ರಹವೊಂದು ಬಡಿದು ಆದ ಕುಳಿಯೆಂದು 1973ರಲ್ಲಿ ಖಚಿತವಾಯಿತು. ಅದು ಆಗಿ ಸುಮಾರು 5 ಲಕ್ಷ 70 ಸಾವಿರ ವರ್ಷಗಳೆಂದು ಅಳೆಯಲಾಗಿದೆ.

ಅಂದು ಘಟ್ಟವನ್ನು ಹತ್ತದೆ ಹೋದ ವೇಧದ ವಿದ್ಯೆಯು ಕೊನೆಗೆ ಕನ್ನಡನಾಡಿಗೂ ಬಂದು ನೆಲೆಸಿತು. 1949ರಲ್ಲಿ ಅಮೆರಿಕೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಒಂದು ಧೂಮಕೇತುವನ್ನು ಕಂಡು ತಮ್ಮ ಹೆಸರನ್ನು ಅದಕ್ಕೆ ಸೇರಿಸಿದ ವೇಣು ಬಾಪು ಅವರು ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದರು; ಆ ಸಂಸ್ಥೆಯ ರಾಜಮೋಹನ್ ಅವರು 1988ರಲ್ಲಿ ಕಾವಲೂರಿನ ವೇಧಶಾಲೆಯಿಂದ ಕಂಡ ಕ್ಷುದ್ರಗ್ರಹಕ್ಕೆ ರಾಮಾನುಜನ್ ಎಂದು ಹೆಸರಾಯಿತು.

ಮಂಗಸೂಳಿಗೆ ಬರುವ ಯಾತ್ರಿಕರಿಗೆ ಒಂದು ಮಾತನ್ನು ಹೇಳಬೇಕು. ಮಲ್ಲಯ್ಯನು ಮಣಿಮಲ್ಲರೆಂಬ ದೈತ್ಯರನ್ನು ಗೆದ್ದ ನೆನಪಿನ ಚಂಪಾಷಷ್ಠಿಯು ಮಾರ್ಗಶಿರ ಶುದ್ಧದಲ್ಲಿ, ಬಹುಮಟ್ಟಿಗೆ ನವೆಂಬರಿನ ಕೊನೆಯಿಂದ ಡಿಸೆಂಬರಿನ ನಡುವಣವರೆಗೆ ಬರುತ್ತದೆ. ಡಿಸೆಂಬರ್ 13, 14ರ ರಾತ್ರಿಗಳಲ್ಲಿ ಮಿಥುನರಾಶಿಯ ದಿಕ್ಕಿನಿಂದ ವರ್ಷದ ಅತ್ಯುತ್ತಮ ಉಲ್ಕಾವೃಷ್ಟಿಯು ಸುರಿಯುತ್ತದೆ. 2018ರಲ್ಲಿ ಎರಡೂ ಒಂದೇ ದಿನಕ್ಕೆ ಕೂಡಿದವು. ಷಷ್ಠಿಯ ಚಂದ್ರನು ನಡುರಾತ್ರಿಗೆ ಮುಂಚೆ ಮುಳುಗುವುದರಿಂದ ಆಮೇಲಿನ ಹೊತ್ತು ಪೂರ್ಣ ಕತ್ತಲು. ಮಿಥುನವು ಆಗ ನೆತ್ತಿಗೆ ಏರುತ್ತಿರುತ್ತದೆ. ಬೇರೆ ವೃಷ್ಟಿಗಳು ಬಹುಮಟ್ಟಿಗೆ ಧೂಮಕೇತುಗಳ ಧೂಳಾದರೆ ಇದು 1983ರಲ್ಲಿ ಕಂಡುಬಂದ ಫೇಥಾನ್ ಎಂಬ ಕ್ಷುದ್ರಗ್ರಹದ ಧೂಳು. ಭಂಡಾರದ ಹಳದಿಯಿಂದ ಮಿಂದು ಬಂದ ಜನರು ಗುಡಿಯ ದೀಪಗಳಿಂದ ತುಸು ದೂರ ನಡೆದು ಹೋದರೆ ಸಾಕು, ಯಾವ ಸಲಕರಣೆಯೂ ಬೇಡ.

ಕೊನೆಯದಾಗಿ ಈ ಸೀಮೆಯ ಓದುಗರಲ್ಲಿ ನನ್ನ ಬಿನ್ನಹವಿದು. ನೆಗಳೂರಿನಲ್ಲಿ ಬಿದ್ದಂತಹ ಕಲ್ಲು ನಾಳೆ ಕೃಷ್ಣೆಯ ದಂಡೆಯಲ್ಲಿ ಬಿದ್ದರೆ, ಕರಿಯ ಬಸಾಲ್ಟಿನ ನಡುವೆ ಅದು ಕಾಣದೆ ಹೋಗುವ ಭಯವು ಇಲ್ಲಿ ಬೇರೆ ಕಡೆಗಿಂತ ಹೆಚ್ಚು. ಅಯಸ್ಕಾಂತವನ್ನು ಹಿಡಿದು ನೋಡಿದರೂ ಸಾಲದು, ನಮ್ಮ ಬಸಾಲ್ಟೂ ಅದನ್ನು ಕೊಂಚ ಎಳೆಯುತ್ತದೆ. ಆದ್ದರಿಂದ ಸದ್ದು ಕೇಳಿದವರು ಘಳಿಗೆಯನ್ನೂ, ಬೆಂಕಿಯ ಉಂಡೆಯನ್ನು ಕಂಡವರು ಅದು ಬಂದ ದಿಕ್ಕನ್ನೂ ಕೂಡಲೆ ಕಾಗದದ ಮೇಲೆ ಬರೆದಿಡಿರಿ. ಸಿಕ್ಕ ಕಲ್ಲನ್ನು ತೊಳೆಯಬೇಡಿರಿ, ಒಡೆದು ಹಂಚಿಕೊಳ್ಳಬೇಡಿರಿ, ಕುಂಕುಮವಿಟ್ಟು ಕಟ್ಟೆಯ ಮೇಲೆ ಕೂರಿಸಲೂ ಬೇಡಿರಿ; ಬಿದ್ದ ಕುಳಿಯ ಚಿತ್ರವನ್ನು ತೆಗೆದುಕೊಂಡು, ಕಲ್ಲನ್ನು ಶುಚಿಯಾದ ಒಣಬಟ್ಟೆಯಲ್ಲಿ ಸುತ್ತಿ ತಹಸೀಲ್ದಾರರ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಮುಟ್ಟಿಸಿರಿ. ನಮ್ಮ ದೇಶದಲ್ಲಿ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಆ ಇಲಾಖೆಯದು, ಮತ್ತು ಕಲ್ಲಿನ ಜೊತೆಗೆ ನಿಮ್ಮ ಊರಿನ ಹೆಸರೇ ದಾಖಲೆಗೆ ಹೋಗುವಂತೆ ನೋಡಿಕೊಳ್ಳುವ ಹೊಣೆ ನಿಮ್ಮದು.